59 ಡಾಲರಿನ ಟೇಪ್ ರೆಕಾರ್ಡರ್, ಒಂದು ಕಪ್ಪೆ, ಒಂದು ಹಸು: ಡ್ಯಾನಿಯಲ್ ಜಾನ್‌ಸ್ಟನ್ ಕ್ಯಾಸೆಟ್ ಕೇಳಿದವರು ಯಾರಾದರೂ ಇದ್ದೀರಾ?

ಕತ್ತರಿಗುಪ್ಪೆ ಕ್ಯಾಸೆಟ್

ಭಾನುವಾರ ಮಧ್ಯಾಹ್ನ ನಮ್ಮ ಏರಿಯಾದಲ್ಲಿ ಕರೆಂಟ್ ಹೋಗಿದ್ದು ನಾಲ್ಕು ಗಂಟೆ ಬರಲಿಲ್ಲ. ಫೋನಿನಲ್ಲಿ ಚಾರ್ಜ್ ಇರೋ ತನಕ ಏನಾದರೂ ಕೇಳೋಣ ಅಂತ ಡ್ಯಾನಿಯಲ್ ಜಾನ್‌ಸ್ಟನ್‌ನ 'ಹಾಯ್, ಹೌ ಆರ್ ಯೂ' ಅನ್ನೋ ಆಲ್ಬಂ ಹಾಕಿದೆ. ಹಿಂದೆ ಅರ್ಧಂಬರ್ಧ ಕೇಳಿ ಬಿಟ್ಟಿದ್ದೆ. ಈ ಸಲ ಪೂರ್ತಿ ಕೇಳಿದೆ. ಚಾರ್ಜ್ ಇನ್ನೂ ಇತ್ತು, ಮತ್ತೊಂದು ಸಲ ಕೇಳಿದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಇವನು ಅಮೆರಿಕದವನು, ತಾನೇ ಹಾಡು ಬರೆದು ಹಾಡ್ತಿದ್ದವನು. ಜಾನ್‌ಸ್ಟನ್ ಹುಟ್ಟಿದ್ದು 1961ರಲ್ಲಿ, ಐದು ಮಕ್ಕಳಲ್ಲಿ ಕೊನೆಯವನು. ಬೆಳೆದಿದ್ದು ವೆಸ್ಟ್ ವರ್ಜೀನಿಯಾದ ನ್ಯೂ ಕಂಬರ್‌ಲೆಂಡ್ ಅನ್ನೋ ಸಣ್ಣ ಊರಲ್ಲಿ. ಮೊದಲ ಟೇಪುಗಳನ್ನ ಅಪ್ಪ ಅಮ್ಮನ ಮನೆಯ ನೆಲಮಾಳಿಗೆಯಲ್ಲಿ ಪಿಯಾನೊ ಮುಂದೆ ಕೂತು ಮಾಡಿದ. ಆ ಟೇಪುಗಳಲ್ಲಿ ಅಮ್ಮ ಬೈಯೋದನ್ನೂ ಸೇರಿಸಿದ್ದಾನೆ. ಆಮೇಲೆ ಟೆಕ್ಸಸ್‌ಗೆ ಬಂದು ಅಣ್ಣನ ಮನೆ, ಅಕ್ಕನ ಮನೆ ಅಂತ ಓಡಾಡಿಕೊಂಡಿದ್ದ. 1983ರ ಬೇಸಿಗೆಯಲ್ಲಿ ಹೂಸ್ಟನ್ನಿನ ಅಣ್ಣನ ಗ್ಯಾರೇಜಿನಲ್ಲಿ ಒಂದು ಕ್ಯಾಸೆಟ್ ಮಾಡಿದ. ಅದರ ಬೆನ್ನಿಗೇ ಸ್ಯಾನ್ ಮಾರ್ಕೋಸ್‌ನಲ್ಲಿ ಮಾಡಿದ್ದು ಇದು. ಸಲಕರಣೆ ಅಂದರೆ 59 ಡಾಲರಿನ ಸ್ಯಾನ್ಯೊ ಮೋನೊ ಟೇಪ್ ರೆಕಾರ್ಡರ್, ಒಂದು ಕಾರ್ಡ್ ಆರ್ಗನ್, ಇನ್ನೂ ಮೀಸೆ ಮೂಡದ ಹುಡುಗನ ಥರದ ಗಂಟಲು. ಕವರ್ ಮೇಲಿನ ಚಿತ್ರವೂ ಅವನದೇ: ಕಣ್ಣುಗಳನ್ನ ಕಡ್ಡಿ ಮೇಲಿಟ್ಟ ಹಾಗೆ ಕಾಣೋ ಒಂದು ಕಪ್ಪೆ.

ನನ್ನ ಪ್ರಶ್ನೆ ಇಷ್ಟೇ. ಹೀಗೆ ಅಗ್ಗದ ಯಂತ್ರದಲ್ಲಿ ಒರಟಾಗಿ ಮಾಡಿದ್ದಕ್ಕೆ ಲೋ-ಫೈ ಅಂತಾರೆ. ಈ ರೆಕಾರ್ಡಿಂಗ್ ಕೆಟ್ಟದಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ಕೂತಲ್ಲಿಂದ ಏಳೋಕೆ ಬಿಡಲ್ಲ. ಕೆಟ್ಟದಾಗಿರೋದರಿಂದಲೇ ಹಿಡಿಸುತ್ತಾ, ಕೆಟ್ಟದಾಗಿದ್ದರೂ ಹಿಡಿಸುತ್ತಾ? ಇವೆರಡೂ ಒಂದೇ ಅಲ್ಲ ಅನ್ನಿಸ್ತಿದೆ.

ಶ್ರುತಿಪೆಟ್ಟಿಗೆ

ನೀವು ಹೇಳಿದಿರಿ ಅಂತ ಹಾಕಿದೆ. ಅರ್ಧಕ್ಕೆ ಬರೋ ಮೊದಲೇ ನಿಲ್ಲಿಸಿದೆ. ಶ್ರುತಿ ಅಲ್ಲೆಲ್ಲೋ, ಹಾಡು ಇಲ್ಲೆಲ್ಲೋ. ಲಯ ಅನ್ನೋದು ಅವನ ಮನಸ್ಸು ಬಂದ ಹಾಗೆ. ಹಾಲ್‌ನಲ್ಲಿ ಸ್ಪೀಕರಿಗೆ ಹಾಕಿದ್ದೆ, ಅಡುಗೆಮನೆಯಿಂದ ನಮ್ಮತ್ತೆ "ಯಾರ ಮನೆ ಮಗುನೇ ಅದು, ಆಗಿಂದ ಅಳ್ತಾ ಇದೆ?" ಅಂದರು.

ಹದಿನಾಲ್ಕು ವರ್ಷ ಪಾಠ ಹೇಳಿಸಿಕೊಂಡವಳು ನಾನು. ಅಪಸ್ವರಕ್ಕೆ 'ಪ್ರಾಮಾಣಿಕ' ಅಂತ ಹೆಸರಿಟ್ಟರೆ ಒಪ್ಪೋಕಾಗಲ್ಲ. ಕೈಯಲ್ಲಿ ಕಾಸಿಲ್ಲದೆ ಆದ ಕೊರತೆಯನ್ನ ಆಮೇಲೆ ಬಂದವರು ಸೊಗಸು ಅಂತ ಮಾರಿಕೊಂಡಿದ್ದಾರೆ, ಅಷ್ಟೇ.

ಕತ್ತರಿಗುಪ್ಪೆ ಕ್ಯಾಸೆಟ್

ಮೇಡಂ, ಅದರಲ್ಲಿ 'ಐ ಆಮ್ ಎ ಬೇಬಿ' ಅಂತ ಒಂದು ಹಾಡೇ ಇದೆ. ನಿಮ್ಮತ್ತೆ ಸರಿಯಾಗೇ ಹೇಳಿದ್ದಾರೆ.

ಸೌಂಡ್ ಮಂಜ

ಸೊಗಸು, ಪ್ರಾಮಾಣಿಕತೆ ಎಲ್ಲ ಪಕ್ಕಕ್ಕಿಡಿ, ಯಂತ್ರ ಏನು ಮಾಡ್ತಿದೆ ಅಂತ ಮೊದಲು ನೋಡೋಣ. ಇಪ್ಪತ್ತು ವರ್ಷದಿಂದ ಸ್ಟುಡಿಯೊದಲ್ಲಿ ಇದೇ ಕೆಲಸ ನನ್ನದು.

ಕ್ಯಾಸೆಟ್ ಟೇಪಿನ ಅಗಲ 3.81 ಮಿಲಿಮೀಟರ್. ಎರಡು ಬದಿಗೂ ಅದೇ ಪಟ್ಟಿ, ಅಂದರೆ ಒಂದು ಬದಿಗೆ ಅರ್ಧವೂ ಸಿಗಲ್ಲ. ಓಡೋ ವೇಗ ಸೆಕೆಂಡಿಗೆ 4.76 ಸೆಂ.ಮೀ. ಸ್ಟುಡಿಯೊ ರೀಲು ಅದೇ ಹೊತ್ತಿನಲ್ಲಿ 38 ಸೆಂ.ಮೀ. ಓಡ್ತಿತ್ತು. ಸದ್ದನ್ನ ಹಿಡಿದಿಡೋಕೆ ಜಾಗ ಕಡಿಮೆಯಾದಷ್ಟೂ ಟೇಪಿನ ಸ್ವಂತ 'ಸ್‌ಸ್‌ಸ್' ಎದ್ದು ಕೇಳುತ್ತೆ. ಇದು ಎಲ್ಲರಿಗೂ ಗೊತ್ತಿರೋದೇ.

ಹೆಚ್ಚು ಜನ ಗಮನಿಸದೇ ಇರೋದು ಬೇರೆ ಒಂದಿದೆ. ಇಂಥ ಅಗ್ಗದ ರೆಕಾರ್ಡರುಗಳಲ್ಲಿ ಸಾಮಾನ್ಯವಾಗಿ ರೆಕಾರ್ಡಿಂಗ್ ಲೆವೆಲ್ ಹೊಂದಿಸೋ ತಿರುಪು ಇರಲ್ಲ. ಒಳಗಿನ ಸರ್ಕ್ಯೂಟೇ ಆ ಕೆಲಸ ಮಾಡುತ್ತೆ. ಸದ್ದು ಜೋರಾದರೆ ತಗ್ಗಿಸುತ್ತೆ, ಸದ್ದು ನಿಂತರೆ ಏನಾದರೂ ಸಿಗುತ್ತಾ ಅಂತ ಎತ್ತುತ್ತಾ ಹೋಗುತ್ತೆ. ಹೆಡ್‌ಫೋನ್ ಹಾಕಿಕೊಂಡು, ಅವನು ಒಂದು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳೋ ಜಾಗ ಕೇಳಿ. ಹಿಂದಿನ ಸದ್ದು ಮೆಲ್ಲಗೆ ಉಬ್ಬಿ ಬರುತ್ತೆ, ಬಾಗಿಲು ತೆರೆದ ಹಾಗೆ. ಅವನು ಮತ್ತೆ ಬಾಯಿ ತೆಗೆದ ತಕ್ಷಣ ಕೋಣೆ ಹಿಂದಕ್ಕೆ ಸರಿಯುತ್ತೆ. ಸ್ಟುಡಿಯೊದಲ್ಲಿ ಮೌನ ಅಂದರೆ ಏನೂ ಇಲ್ಲದ್ದು. ಇಲ್ಲಿ ಮೌನ ಬಂದಾಗಲೇ ಕೋಣೆ ಕೇಳೋದು.

ಶ್ರುತಿಪೆಟ್ಟಿಗೆ ಮೇಡಂಗೆ: ಕೊರತೆ ಅನ್ನೋದು ನಿಜ. ಆದರೆ ಆ ಕೊರತೆ ಹಾಡಿನ ಜೊತೆ ಸೇರಿಕೊಂಡು ಕೆಲಸ ಮಾಡ್ತಿದೆ ಅನ್ನೋದೂ ನಿಜ.

ಬೆಡ್‌ರೂಮ್ ಬೀಟ್

ಅಣ್ಣಾ, ಲೋ-ಫೈ ಅಂದ್ರೆ ಓದೋವಾಗ ಹಾಕ್ಕೊಳೋ ಬೀಟ್ಸ್ ಅಂತ ಅಂದ್ಕೊಂಡಿದ್ದೆ 😅 ನಾನೂ ಮಾಡ್ತೀನಿ, ಹಾಸ್ಟೆಲ್ ರೂಮಲ್ಲಿ, ಲ್ಯಾಪ್‌ಟಾಪಲ್ಲಿ. ಟೇಪ್ ಹಿಸ್‌ಗೆ ಒಂದು ಪ್ಲಗಿನ್ (ಸಾಫ್ಟ್‌ವೇರಿಗೆ ಸೇರಿಸೋ ತುಣುಕು), ರೆಕಾರ್ಡಿನ ಚಟಪಟಕ್ಕೆ ಇನ್ನೊಂದು. ನೀವು ಹೇಳಿದ ಆ ಉಬ್ಬಿ ಬರೋದಕ್ಕೂ ಪ್ಲಗಿನ್ ಇದ್ಯಾ?

ಸೌಂಡ್ ಮಂಜ

ಇದೆ ಗುರು. ಜೋರು ಸದ್ದನ್ನ ತಗ್ಗಿಸೋ ಕಂಪ್ರೆಸರಿನಲ್ಲಿ ರಿಲೀಸ್, ಅಂದರೆ ಸದ್ದನ್ನ ಮತ್ತೆ ಎತ್ತೋಕೆ ಹಿಡಿಯೋ ಸಮಯ, ಉದ್ದ ಇಟ್ಟರೆ ಹತ್ತಿರ ಹತ್ತಿರ ಬರುತ್ತೆ. ಆದರೆ ನಿನ್ನ ಪ್ಲಗಿನ್ನಿನ ಹಿಸ್ ಹಾಡು ಏನೇ ಮಾಡಿದರೂ ಕದಲಲ್ಲ, ಹೋಟೆಲ್ ಗೋಡೆಗೆ ಇಟ್ಟಿಗೆ ಡಿಸೈನಿನ ಕಾಗದ ಅಂಟಿಸಿದ ಹಾಗೆ. ಅವನ ಟೇಪಿನಲ್ಲಿ ಅದು ಅವನ ಉಸಿರಿಗೆ ಕಟ್ಟಿಹಾಕಿದೆ. ಬೈತಿಲ್ಲ, ನಾನೂ ದಿನಾ ಇಟ್ಟಿಗೆ ಕಾಗದ ಅಂಟಿಸೋನೇ. ಗ್ರಾಹಕರು ಕೇಳ್ತಾರೆ.

ಪೇಟಿ ಮಾಸ್ತರ

ನಮಸ್ಕಾರ್ರಿ ಎಲ್ಲಾರಿಗೂ. ನಾ ಗದಗ ಕಡೆಯಾಂವ. ಪೇಟಿ, ಅಂದ್ರ ಹಾರ್ಮೋನಿಯಂ, ಬಾರಸ್ತೀನಿ, ಭಜನಿಗೆ, ಒಮ್ಮೊಮ್ಮೆ ನಾಟಕಕ್ಕ. ಇಂಗ್ಲಿಷ್ ಹಾಡಿನ ಗೊಡವಿ ನಮಗಿಲ್ಲ. ಕಾರ್ಡ್ ಆರ್ಗನ್ ಅಂದ್ರೇನು ಅಂತ ತಲಿಯಾಗ ಹೊಕ್ಕಿತ್ತು, ಅದಕ್ಕ ಅದನ್ನ ಬಿಚ್ಚಿಟ್ಟ ಒಂದು ವಿಡಿಯೊ ಹುಡುಕಿ ನೋಡಿದೆ. ನಗು ಬಂತ್ರಿ. ಅದು ನಮ್ಮ ಪೇಟಿನ! ರೀಡ ಮ್ಯಾಲೆ ಗಾಳಿ ಹಾಯಬೇಕು, ಸ್ವರ ಬರಬೇಕು, ಅಷ್ಟ.

ಖರೆ ಒಂದು ಫರಕ ಐತಿ. ನಾವು ಎಡಗೈಲೆ ತಿದಿ ಒತ್ತತೇವಿ. ಅದಕ್ಕ ಒಳಗ ಕರೆಂಟಿನ ಫ್ಯಾನ ಕೂಡಸ್ಯಾರ, ಗಾಳಿ ತಾನ ಬರ್ತೈತಿ. ಹಂಗಾಗಿ ಎಡಗೈ ಖಾಲಿ ಆತು. ಆ ಖಾಲಿ ಕೈಗೆ ಗುಂಡಿ ಕೊಟ್ಟಾರ, ಒಂದು ಗುಂಡಿ ಒತ್ತಿದ್ರ ಮೂರು ಸ್ವರ ಕೂಡೇ ಬರ್ತಾವ. ಬಲಗೈಲೆ ಹಾಡು. ಸಣ್ಣ ಹುಡುಗೂರಿಗೆ, ಸಂಗೀತ ಕಲೀದವರಿಗೆ ಅಂತ ಮಾಡಿದ್ದು.

ಈಗ ನೋಡ್ರಿ, ಫ್ಯಾನಿನ ಗಾಳಿ ಒಂದ ಸಮ. ಸ್ವರ ಉಬ್ಬೂದಿಲ್ಲ, ಇಳಿಯೂದಿಲ್ಲ. ನಮ್ಮ ತಿದಿಯಾಗ ಉಸುರೈತಿ. ಹಾಡಾಂವ ದಣದ್ರ ಪೇಟಿ ಸುದ್ದಾ ದಣದಂಗ ಬಾರಸ್ಬಹುದು. ಆ ಯಂತ್ರಕ್ಕ ಅದು ಆಗೂದಿಲ್ಲ, ಸತ್ತಂಗ ಒಂದ ಗೆರಿ ಎಳೀತೈತಿ. ಆ ಗೆರಿ ಮ್ಯಾಲೆ ಅಂವ ಹಾಡೂದು ಕೇಳಿದ್ರ ಉಸುರೆಲ್ಲಾ ಅವನ ಗಂಟಲದಾಗ ಐತಿ ಅಂತ ತಿಳೀತದ. ಶ್ರುತಿಪೆಟ್ಟಿಗೆ ಅಕ್ಕಾರ, ಆರ್ಗನ್ನು ಶ್ರುತಿ ಬಿಟ್ಟಿಲ್ಲರಿ. ಅಂವ ಅದರ ಸುತ್ತ ಸುಳೀತಾನ, ಕರು ಗೂಟದ ಸುತ್ತ ಸುಳದಂಗ.

ಶ್ರುತಿಪೆಟ್ಟಿಗೆ

ಮಾಸ್ತರೇ, ಕರು ಸುತ್ತಿ ಸುತ್ತಿ ಹಗ್ಗ ಗೂಟಕ್ಕೆ ಸುತ್ತಿಕೊಂಡು ಕೊನೆಗೆ ಮೂಗು ನೆಲಕ್ಕೆ ತಾಗಿಸಿ ನಿಂತಿರುತ್ತಲ್ಲ, ಹಾಗೇ ಇದೆ ಇವನ ಹಾಡು. ಆದರೆ ಫ್ಯಾನ್ ವಿಷಯ ಗೊತ್ತಿರಲಿಲ್ಲ. ಅದಕ್ಕೇ ಅಷ್ಟು ಬೋಳು ಬೋಳಾಗಿ ಕೇಳೋದು.

ಆಸ್ಟಿನ್ ವಾಸಿ

ಕರು ಅಂದಿರಿ, ಹಸುವಿನ ವಿಷಯ ನಾನು ಹೇಳ್ತೀನಿ. ಹನ್ನೊಂದು ವರ್ಷದಿಂದ ಟೆಕ್ಸಸ್ಸಿನ ಆಸ್ಟಿನ್‌ನಲ್ಲಿದ್ದೇನೆ, ಮೂಲ ಹಾಸನ.

ಈ ಆಲ್ಬಮ್ಮಿನಲ್ಲಿ ಜನ ಹೆಚ್ಚು ಹಚ್ಚಿಕೊಂಡ ಹಾಡು 'ವಾಕಿಂಗ್ ದ ಕೌ'. ಅದೇನೋ ದೊಡ್ಡ ರೂಪಕ ಅಂತ ಒಂದಷ್ಟು ದಿನ ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಬ್ಲೂ ಬೆಲ್ ಅನ್ನೋ ಟೆಕ್ಸಸ್ಸಿನ ಐಸ್‌ಕ್ರೀಮ್ ಡಬ್ಬದ ಮೇಲಿನ ಚಿತ್ರ ಅದಕ್ಕೆ ಮೂಲ: ಒಬ್ಬ ಹುಡುಗಿ, ಹಿಂದೆ ಒಂದು ಹಸು. ಇಲ್ಲಿ ಯಾವ ಅಂಗಡಿಯ ಫ್ರಿಜ್ ತೆಗೆದರೂ ಅದು ಕಣ್ಣಿಗೆ ಬೀಳುತ್ತೆ. ನಮ್ಮಲ್ಲಿ ಯಾರಾದರೂ ನಂದಿನಿ ಪ್ಯಾಕೆಟ್ಟಿನ ಹಸು ನೋಡಿ ಎದೆ ಹಿಂಡುವ ಹಾಡು ಬರೆದ ಹಾಗೆ.

ಕಪ್ಪೆಯನ್ನೂ ದಿನಾ ನೋಡ್ತೇನೆ ಅನ್ನಬಹುದು. ಗ್ವಾಡಲೂಪ್ ರಸ್ತೆ, 21ನೇ ಬೀದಿಯ ಮೂಲೆ, ಯೂನಿವರ್ಸಿಟಿ ಎದುರು. ಅಲ್ಲಿ ಸೌಂಡ್ ಎಕ್ಸ್‌ಚೇಂಜ್ ಅನ್ನೋ ರೆಕಾರ್ಡ್ ಅಂಗಡಿ ಇತ್ತು. 1993ರಲ್ಲಿ ಅವರು ಕೇಳಿಕೊಂಡು ಗೋಡೆ ಮೇಲೆ ಬರೆಸಿದ್ದು. ಅಂಗಡಿ ಮುಚ್ಚಿತು. ಆಮೇಲೆ ಬಂದ ಹೋಟೆಲಿನವರು ಗೋಡೆ ಒಡೆಯೋಕೆ ಹೊರಟಾಗ ಊರಿನವರು ಗಲಾಟೆ ಮಾಡಿ ಉಳಿಸಿಕೊಂಡರು. ಮುಂದೆ ಅದೇ ಜಾಗಕ್ಕೆ ಒಂದು ಥಾಯ್ ಊಟದ ಹೋಟೆಲ್ ಬಂತು. ಅದರ ಹೆಸರು 'ಥಾಯ್, ಹೌ ಆರ್ ಯೂ'. ಸುಳ್ಳಲ್ಲ, ಅಲ್ಲಿ ಊಟ ಮಾಡಿದ್ದೇನೆ.

ಅವನು ಆಸ್ಟಿನ್‌ಗೆ ಬಂದ ರೀತಿ ಇನ್ನೂ ವಿಚಿತ್ರ. ಮೊಪೆಡ್ ಹತ್ತಿ ಮನೆಬಿಟ್ಟು, ಊರೂರು ಸುತ್ತುವ ಜಾತ್ರೆ ಕಂಪನಿ ಸೇರಿ, ಅದರ ಜೊತೆ ಬಂದು ಇಲ್ಲಿ ಉಳಿದುಬಿಟ್ಟ. ಮ್ಯಾಕ್‌ಡೊನಾಲ್ಡ್ಸ್‌ನಲ್ಲಿ ಟೇಬಲ್ ಒರೆಸುವ ಕೆಲಸ. ಸಿಕ್ಕಸಿಕ್ಕವರ ಕೈಗೆ ಕ್ಯಾಸೆಟ್ ಕೊಡೋದು. 1985ರಲ್ಲಿ ಎಂಟಿವಿಯವರು ಆಸ್ಟಿನ್ ಬ್ಯಾಂಡುಗಳ ಕಾರ್ಯಕ್ರಮ ಚಿತ್ರೀಕರಿಸಲು ಬಂದರೆ ಇವನೂ ಅದರಲ್ಲಿ ಸೇರಿಕೊಂಡ. ಕ್ಯಾಮೆರಾ ಮುಂದೆ ಕ್ಯಾಸೆಟ್ ಎತ್ತಿ ಹಿಡಿದು, ಇದರ ಹೆಸರು 'ಹಾಯ್, ಹೌ ಆರ್ ಯೂ', ಇದನ್ನ ರೆಕಾರ್ಡ್ ಮಾಡುವಾಗ ನನಗೆ ಮನಸ್ಸಿನ ಆರೋಗ್ಯ ಕೆಟ್ಟಿತ್ತು ಅಂತ ನಗುನಗುತ್ತಾ ಹೇಳ್ತಾನೆ.

ಬೆಡ್‌ರೂಮ್ ಬೀಟ್

'ವಾಕಿಂಗ್ ದ ಕೌ' ಕನ್ನಡದಲ್ಲಿ ಏನಂತೀರಾ? ಹಸುವನ್ನು ನಡೆಸುತ್ತಾ?

ಆಸ್ಟಿನ್ ವಾಸಿ

ಹಾಗೆ ಯಾರಂತಾರೆ ಮಾರಾಯ. ಹಸು ಹೊಡ್ಕೊಂಡು ಹೋಗೋದು.

ಪೇಟಿ ಮಾಸ್ತರ

ಹೊಡಕೊಂಡು ಹೋಗೂದು ಅಂದ್ರ ನೀವು ಹಿಂದ, ಆಕಳ ಮುಂದ. ಆ ಡಬ್ಬಿ ಮ್ಯಾಲೆ ಹುಡುಗಿ ಮುಂದ ಅದಾಳ. ಅದು ಹಿಡಕೊಂಡು ಹೋಗೂದು. ಹೊಡಕೊಂಡು ಹೋದ್ರ ಅದು ಎಲ್ಲಿ ಹೊಂಟೈತಿ ಅಂತ ನಿಮಗ ಕಾಣತದ. ಹಿಡಕೊಂಡು ಹೋದ್ರ ಹಗ್ಗದ ಜಗ್ಗಾಟ ಅಷ್ಟ ಗೊತ್ತಾಗತದ.

ಕತ್ತರಿಗುಪ್ಪೆ ಕ್ಯಾಸೆಟ್

ಮಾಸ್ತರೇ, ಈಗ ಆ ಹಾಡು ಮತ್ತೆ ಕೇಳಬೇಕು ನಾನು.

ಇರುಳು ಪಾಳಿ

ಮೂರು ದಿನದಿಂದ ಓದ್ತಾ ಇದ್ದೆ, ಬರೆಯಬಾರದು ಅಂದುಕೊಂಡಿದ್ದೆ. ಆದರೆ "ನಗುನಗುತ್ತಾ ಹೇಳ್ತಾನೆ" ಅನ್ನೋ ಕಡೆ ತಡೆಯೋಕಾಗಲಿಲ್ಲ. ನಾನು ಮನೋರೋಗ ವಾರ್ಡಿನಲ್ಲಿ ನರ್ಸ್. ಹೆಚ್ಚಾಗಿ ರಾತ್ರಿ ಪಾಳಿ.

ಈ ಕ್ಯಾಸೆಟ್ಟಿಗೆ 'ಮುಗಿಯದ ಆಲ್ಬಂ' ಅಂತ ಉಪಶೀರ್ಷಿಕೆ ಇದೆ, ಗಮನಿಸಿದ್ದೀರಾ? ಮಧ್ಯದಲ್ಲೇ ಅವನ ಆರೋಗ್ಯ ಕೈಕೊಟ್ಟಿತು, ಅದಕ್ಕೆ ಆ ಹೆಸರು. ಮುಂದೆ ಅವನ ಬದುಕು ಏನಾಯ್ತು ಗೊತ್ತಾ? ಬೈಪೋಲಾರ್ ಅನ್ನೋ, ಮನಸ್ಸು ವಿಪರೀತ ಏರಿ ಇಳಿಯೋ ಕಾಯಿಲೆ, ಆಸ್ಪತ್ರೆ, ಬಿಡುಗಡೆ, ಮತ್ತೆ ಆಸ್ಪತ್ರೆ. 1990ರಲ್ಲಿ ಆಸ್ಟಿನ್‌ನಲ್ಲಿ ಹಾಡಿ, ಅಪ್ಪನ ಪುಟ್ಟ ವಿಮಾನದಲ್ಲಿ ಊರಿಗೆ ವಾಪಸ್ ಹೋಗುವಾಗ ಭ್ರಮೆಯಲ್ಲಿ ವಿಮಾನದ ಕೀಲಿ ಕಿತ್ತು ಹೊರಗೆ ಎಸೆದ. ಅಪ್ಪ ಹಳೆಯ ವಾಯುಪಡೆ ಪೈಲಟ್, ಮರಗಳ ಮೇಲೆ ಇಳಿಸಿ ಇಬ್ಬರ ಜೀವ ಉಳಿಸಿದರು. ಎಲ್ಲ ಕಡೆ ಈ ಕಥೆಯನ್ನ ರೋಚಕವಾಗಿ ಹೇಳ್ತಾರೆ. ನಾನು ಓದಿದಾಗ ಆ ಅಪ್ಪನ ಕೈ ಹೇಗೆ ನಡುಗಿರಬೇಕು ಅನ್ನೋದೊಂದೇ ತಲೆಯಲ್ಲಿತ್ತು.

ನನ್ನ ತಕರಾರು ಎರಡು. ಹುಚ್ಚ ಹಾಡಿದ್ದಾನೆ ಬಾ ಕೇಳೋಣ ಅಂತ ಕೇಳೋರು ಇದ್ದಾರೆ. ಅವರ ಮಾತು ಬಿಡಿ. ಇನ್ನೊಂದು ಥರದವರು ಒಳ್ಳೆಯವರೇ, ಆದರೆ ಕಾಯಿಲೆಯಿಂದಲೇ ಈ ಹಾಡು ಬಂತು ಅಂತಾರೆ. ನಾನು ಕಂಡ ಹಾಗೆ ಕಾಯಿಲೆ ಉಲ್ಬಣಿಸಿದಾಗ ಮನುಷ್ಯರಿಗೆ ಒಂದು ಲೋಟ ನೀರು ಪೂರ್ತಿ ಕುಡಿಯೋಕೂ ಆಗಲ್ಲ. ಪ್ರಾಸ ಹೊಂದಿಸಿ, ಪಲ್ಲವಿಗೆ ವಾಪಸ್ ಬಂದು, ಕವರಿಗೆ ಚಿತ್ರ ಬರೆದು, ಅದನ್ನ ಹತ್ತು ಜನರಿಗೆ ತಲುಪಿಸಿದ್ದು ಕಾಯಿಲೆ ಅಲ್ಲ. ಕಾಯಿಲೆ ಬಂದು ತಡೆದಾಗಲೂ ಅವನು ಮಾಡಿದ ಕೆಲಸ ಅದು. ಆ ಕೆಲಸಕ್ಕೆ ಸಲ್ಲಬೇಕಾದ್ದು ಅವನಿಗೆ ಸಲ್ಲಲಿ.

ಕತ್ತರಿಗುಪ್ಪೆ ಕ್ಯಾಸೆಟ್

ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನಾದೆ ಸಿಸ್ಟರ್. ಮೊದಲ ಪೋಸ್ಟಿನಲ್ಲಿ ನಾನು ಕಾಯಿಲೆಯ ವಿಷಯ ಎತ್ತದೇ ಇದ್ದದ್ದು ಬೇಕಂತಲೇ. ಅದನ್ನ ಹೇಳಿದ ಕೂಡಲೇ ಜನ ಹಾಡು ಕೇಳೋದು ಬಿಟ್ಟು ಅವನನ್ನ ನೋಡೋಕೆ ಶುರು ಮಾಡ್ತಾರೆ. ಆದರೆ ಹೇಳದೇ ಇರೋದೂ ಸರಿಯಿಲ್ಲ ಅನ್ನಿಸ್ತಿದೆ ಈಗ.

ಶ್ರುತಿಪೆಟ್ಟಿಗೆ

ಇರುಳು ಪಾಳಿ ಅವರೇ, ನನ್ನ 'ಅಪಸ್ವರ' ಅನ್ನೋ ಮಾತು ಹಿಂದಕ್ಕೆ ತಗೊಳ್ಳಲ್ಲ. ತಗೊಂಡರೆ ಪಾಪ ಅಂತ ಕರುಣೆ ತೋರಿಸಿದ ಹಾಗಾಗುತ್ತೆ, ಅದು ನಿಮಗೂ ಬೇಡ ಅನ್ನಿಸುತ್ತೆ. ಆದರೆ ಕಾಸಿಲ್ಲದ ಕೊರತೆ ಅಂತ ಬರೆದದ್ದು ಹಗುರ ಮಾತಾಯಿತು.

ಇರುಳು ಪಾಳಿ

ಬೇಡ, ಹಿಂದಕ್ಕೆ ತಗೋಬೇಡಿ. ಅಪಸ್ವರ ಅಂತ ಬೈಸಿಕೊಳ್ಳೋದು ಎಲ್ಲ ಹಾಡುಗಾರರ ಹಕ್ಕು. 🙂

ಸೌಂಡ್ ಮಂಜ

ಮೂಲ ಪ್ರಶ್ನೆಗೆ ಬರ್ತೀನಿ. ಕೆಟ್ಟ ರೆಕಾರ್ಡಿಂಗೇ ಕಾರಣವಾ? ಅದಕ್ಕೆ ಅವನ ಕಥೆಯಲ್ಲೇ ಸಾಕ್ಷಿ ಇದೆ. 1992ರಲ್ಲಿ ನಿರ್ವಾಣ ಅನ್ನೋ ರಾಕ್ ಬ್ಯಾಂಡಿನ ಹಾಡುಗಾರ ಕರ್ಟ್ ಕೋಬೇನ್ ಈ ಕಪ್ಪೆಯ ಟೀಶರ್ಟ್ ಹಾಕಿಕೊಂಡು ಎಂಟಿವಿ ಪ್ರಶಸ್ತಿ ಸಮಾರಂಭಕ್ಕೆ ಹೋದ. ರಾತ್ರೋರಾತ್ರಿ ದೊಡ್ಡ ರೆಕಾರ್ಡ್ ಕಂಪನಿಗಳೆಲ್ಲ ಇವನನ್ನ ಹುಡುಕಿಕೊಂಡು ಬಂದವು. ಇವನಾದರೋ ಆಸ್ಪತ್ರೆಯಲ್ಲಿ. ಎಲೆಕ್ಟ್ರಾ ಕಂಪನಿಯನ್ನ ಬೇಡ ಅಂದ. ಅಲ್ಲಿ ಮೆಟಾಲಿಕಾ ಅನ್ನೋ ಹೆವಿ ಮೆಟಲ್ ಬ್ಯಾಂಡ್ ಇದೆ, ಅವರಲ್ಲಿ ಸೈತಾನ ಇದ್ದಾನೆ ಅನ್ನೋ ಭಯ. ಕೊನೆಗೆ 1994ರಲ್ಲಿ ಅಟ್ಲಾಂಟಿಕ್‌ಗೆ 'ಫನ್' ಅಂತ ಆಲ್ಬಂ ಮಾಡಿದ. ಸರಿಯಾದ ಸ್ಟುಡಿಯೊ, ಸರಿಯಾದ ಮೈಕು. ಖರ್ಚಾಗಿದ್ದು ಕೆಲವೇ ಸಾವಿರ ಪ್ರತಿ. ಕಂಪನಿ ಕೈಬಿಟ್ಟಿತು.

ಹಾಗಂತ ಅಗ್ಗದ ಯಂತ್ರ ಗೆದ್ದಿತು ಅಂತ ಹೇಳೋಕೂ ಬರಲ್ಲ. ಸ್ಪ್ರಿಂಗ್‌ಸ್ಟೀನ್ ಅನ್ನೋ ಅಮೆರಿಕದ ಹೆಸರಾಂತ ರಾಕ್ ಹಾಡುಗಾರ 1982ರಲ್ಲಿ 'ನೆಬ್ರಾಸ್ಕಾ' ಆಲ್ಬಂ ಮಾಡಿದ್ದೂ ನ್ಯೂಜೆರ್ಸಿಯ ಮನೆಯಲ್ಲಿ, ನಾಲ್ಕು ಟ್ರ್ಯಾಕಿನ ಟಿಯಾಕ್ ಕ್ಯಾಸೆಟ್ ಯಂತ್ರದಲ್ಲಿ. ಬ್ಯಾಂಡಿಗೆ ತೋರಿಸೋಕೆ ಅಂತ ಮಾಡಿದ ಡೆಮೊ ಅದು. ಬ್ಯಾಂಡ್ ಜೊತೆ ಮತ್ತೆ ನುಡಿಸಿದರು, ಯಾಕೋ ಸರಿ ಬರಲಿಲ್ಲ, ಕೊನೆಗೆ ಜೇಬಲ್ಲಿ ಇಟ್ಟುಕೊಂಡು ಓಡಾಡಿದ್ದ ಆ ಕ್ಯಾಸೆಟ್ಟನ್ನೇ ಹೊರತಂದರು. ಅದನ್ನ ಎಲ್‌ಪಿಗೆ ಇಳಿಸೋಕೆ ಇಂಜಿನಿಯರುಗಳು ಪಟ್ಟ ಪಾಡು ನೆನೆದರೆ ನನಗೆ ಈಗಲೂ ಬೆವರು. ಆದರೆ ಸ್ಪ್ರಿಂಗ್‌ಸ್ಟೀನ್‌ಗೆ ಆಗಲೇ ಸ್ಟುಡಿಯೊ ಬಾಗಿಲು ತೆರೆದಿತ್ತು, ಅವನು ಆರಿಸಿಕೊಂಡ. ಜಾನ್‌ಸ್ಟನ್‌ಗೆ ಆರಿಸಿಕೊಳ್ಳೋಕೆ ಏನಿತ್ತು? ಎರಡನ್ನೂ 'ಲೋ-ಫೈ' ಅಂತ ಒಂದೇ ಕಪಾಟಿನಲ್ಲಿ ಇಡೋದು ನನಗೆ ಸರಿ ಕಾಣಲ್ಲ.

ಇನ್ನೊಂದು ವಿಷಯ, ಇದು ಮೊದಲ ಕ್ಯಾಸೆಟ್ಟುಗಳ ಕಾಲದ್ದು. ಆಗ ಅವನಿಗೆ ಒಂದು ಟೇಪಿನಿಂದ ಇನ್ನೊಂದಕ್ಕೆ ಕಾಪಿ ಮಾಡೋ ದಾರಿ ಇರಲಿಲ್ಲವಂತೆ. ಯಾರಾದರೂ ಕ್ಯಾಸೆಟ್ ಬೇಕು ಅಂದರೆ ಕೂತು ಇಡೀ ಆಲ್ಬಂ ಮೊದಲಿಂದ ಕೊನೆವರೆಗೆ ಮತ್ತೆ ಹಾಡಿ ಕೊಡ್ತಿದ್ದ. ಅಂದರೆ ಆ ಕಾಲದ ಒಂದೊಂದು ಪ್ರತಿಯೂ ಮೂಲವೇ. ನಾನು ವೃತ್ತಿಯಲ್ಲಿ ಒಂದು ಹಾಡನ್ನ ನಲವತ್ತು ತುಂಡು ಮಾಡಿ ಹೊಲಿಯೋನು. ಇದನ್ನ ಓದಿದ ದಿನ ಕೆಲಸಕ್ಕೆ ಕೂರೋಕೆ ಸ್ವಲ್ಪ ನಾಚಿಕೆಯಾಯಿತು.

ಕಡಲತಡಿ

ಇಲ್ಲಿ ನಾನೊಂದು ಹೇಳ್ತೇನೆ, ಸಂಗೀತ ನನಗೆ ಅಷ್ಟು ಗೊತ್ತಿಲ್ಲ.

ನಮ್ಮ ಅಪ್ಪ ದುಬೈಯಲ್ಲಿ ಇದ್ದದ್ದು, ಆ 80ರ ದಶಕದಲ್ಲಿಯೇ. ಫೋನು ಮಾಡುವುದೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು, ದುಡ್ಡೂ ತುಂಬಾ. ಹಾಗಾಗಿ ಊರಿಗೆ ಬರುವವರ ಕೈಯಲ್ಲಿ ಕ್ಯಾಸೆಟ್ ಕೊಟ್ಟು ಕಳಿಸುತ್ತಿದ್ದರು. ಒಂದು ಬದಿಯಲ್ಲಿ ಅಪ್ಪ ಮಾತಾಡಿದ್ದು. ಇನ್ನೊಂದು ಬದಿ ಖಾಲಿ. ಅದರಲ್ಲಿ ನಾವು ಮಾತಾಡಿ, ದುಬೈಗೆ ಹೋಗುವವರು ಯಾರಾದರೂ ಸಿಕ್ಕಿದರೆ ವಾಪಸ್ ಕಳಿಸಬೇ‍ಕು. ನಾನು ಅದರಲ್ಲಿ ಮಗ್ಗಿ ಹೇಳಿದ್ದುಂಟು, ಹದಿಮೂರರ ಮಗ್ಗಿ, ಎರಡು ಸಲ ತಪ್ಪಿ.

ಅಪ್ಪ ಮಾತಿನ ಜನ ಅಲ್ಲ. ನಡುನಡುವೆ ಏನು ಹೇಳುವುದು ಅಂತ ಗೊತ್ತಾಗದೆ ನಿಲ್ಲಿಸುತ್ತಿದ್ದರು. ಆಗ ಹಿಂದಿನಿಂದ ಗುಂಯ್ ಅಂತ ಒಂದು ಸದ್ದು ಮೆಲ್ಲಮೆಲ್ಲ ಜೋರಾಗುವುದು. ಅಪ್ಪ ಪುನಃ ಶುರು ಮಾಡಿದ ಕೂಡಲೇ ಅದು ಮಾಯ. ಅಜ್ಜಿ ಪ್ರತಿ ಸಲ ನಮ್ಮನ್ನು ಸುಮ್ಮನಿರಿಸಿ ಹೇಳುವುದು, "ಕೇಳಿ, ಅವ ಉಸಿರು ಬಿಡ್ತಾ ಇದ್ದಾನೆ." ಅದು ರೂಮಿನ ಏಸಿ ಸದ್ದು. ಅಜ್ಜಿ ಏಸಿ ನೋಡಿದವರೇ ಅಲ್ಲ. ಅದು ಯಾಕೆ ಹಾಗೆ ಉಬ್ಬಿ ಬರುತ್ತಿತ್ತು ಅಂತ ಇಷ್ಟು ವರ್ಷದ ಮೇಲೆ ಮಂಜಣ್ಣ ಬರೆದದ್ದು ಓದಿ ನನಗೆ ಗೊತ್ತಾದದ್ದು.

ಮತ್ತೆ ಅಪ್ಪನ ಎಲ್ಲ ಕ್ಯಾಸೆಟ್ಟೂ ಒಂದೇ ಮಾತಿನಿಂದ ಶುರು: "ಎಲ್ಲರೂ ಸೌಖ್ಯವಾ?" ಈ ಮನುಷ್ಯ ತನ್ನ ಕ್ಯಾಸೆಟ್ಟಿಗೆ ಇಟ್ಟ ಹೆಸರು ಅದೇ ಅಲ್ವಾ ಮಾರಾಯ್ರೆ.

ಕತ್ತರಿಗುಪ್ಪೆ ಕ್ಯಾಸೆಟ್

ಅಕ್ಕಾ, ನನ್ನ ಪ್ರಶ್ನೆಯನ್ನೇ ತಪ್ಪಾಗಿ ಕೇಳಿದ್ದೆ ಅನ್ನಿಸಿತು. ನಾನು ಇದನ್ನ ಆಲ್ಬಂ ಅಂತ ಕೇಳ್ತಾ, ಸದ್ದು ಯಾಕಿಷ್ಟು ಕೆಟ್ಟದು ಅಂತ ತಲೆ ಕೆರೆದುಕೊಳ್ತಿದ್ದೆ. ಅವನು ಕೈಯಿಂದ ಕೈಗೆ ಕೊಟ್ಟದ್ದು ಇದು. ಅಂಗಡಿಯಲ್ಲಿ ಎಲ್‌ಪಿಯಾಗಿ ಸಿಕ್ಕಿದ್ದು 1988ರಲ್ಲಿ, ಹೋಮ್‌ಸ್ಟೆಡ್ ಅನ್ನೋ ಕಂಪನಿ ತಂದಾಗ. ಅಲ್ಲಿವರೆಗೆ ಇದನ್ನ ಕೇಳಿದವರಲ್ಲಿ ಎಷ್ಟೋ ಜನ ಮೊದಲು ಅವನ ಮುಖ ನೋಡಿದವರು, ಮ್ಯಾಕ್‌ಡೊನಾಲ್ಡ್ಸ್ ಯೂನಿಫಾರ್ಮಿನಲ್ಲಿ. ಮನೆಗೆ ಬಂದ ಕಾಗದದ ಅಕ್ಷರ ದುಂಡಗಿದೆಯಾ ಅಂತ ಯಾರು ನೋಡ್ತಾರೆ.

ನಿಮ್ಮಪ್ಪನ ಆ ಕ್ಯಾಸೆಟ್ಟುಗಳು ಈಗ ಇವೆಯಾ?

ಕಡಲತಡಿ

ನಾಲ್ಕು ಉಂಟು. ಉಳಿದದ್ದರ ಮೇಲೆ ಅಣ್ಣ ಸಿನಿಮಾ ಹಾಡು ರೆಕಾರ್ಡ್ ಮಾಡಿದ.

ಸೌಂಡ್ ಮಂಜ

ಅಕ್ಕಾ, ದಯವಿಟ್ಟು ಮೊದಲು ಇಷ್ಟು ಮಾಡಿ. ಕ್ಯಾಸೆಟ್ಟಿನ ಮೇಲಂಚಿನಲ್ಲಿ ಎರಡು ಮೂಲೆಗೂ ಪುಟ್ಟ ಪ್ಲಾಸ್ಟಿಕ್ ಎಸಳು ಇರುತ್ತಲ್ಲ, ಅವೆರಡನ್ನೂ ಪಿನ್ನಿನಿಂದ ಮುರಿದುಬಿಡಿ. ಆಮೇಲೆ ಅದರ ಮೇಲೆ ಯಾರೂ ರೆಕಾರ್ಡ್ ಮಾಡೋಕಾಗಲ್ಲ. ನಿಮ್ಮಣ್ಣ ಆ ತೂತಿಗೆ ಕಾಗದ ತುರುಕಿ ಸೆಲ್ಲೊಟೇಪ್ ಹಚ್ಚಿದರೆ ಮಾತು ಬೇರೆ. ಹಳೇ ಟೇಪ್, ನೇರವಾಗಿ ಪ್ಲೇ ಒತ್ತಬೇಡಿ. ಮೊದಲು ಪೆನ್ನು ಹಾಕಿ ಕೈಯಲ್ಲಿ ಸ್ವಲ್ಪ ತಿರುಗಿಸಿ, ಅಂಟಿಕೊಂಡಿದೆಯಾ ನೋಡಿ. ಬೆಂಗಳೂರಿಗೆ ಬಂದಾಗ ತನ್ನಿ, ನಾನೇ ಕಂಪ್ಯೂಟರಿಗೆ ಇಳಿಸಿ ಕೊಡ್ತೀನಿ. ದುಡ್ಡು ಬೇಡ. ಏಸಿ ಸದ್ದು ತೆಗೆಯಲಾ ಅಂತ ಕೇಳೋದೂ ಇಲ್ಲ.

ಬೆಡ್‌ರೂಮ್ ಬೀಟ್

ನಾನು ನಿನ್ನೆ ರಾತ್ರಿ ಹಿಸ್ ಪ್ಲಗಿನ್ ಆಫ್ ಮಾಡಿ, ಫೋನನ್ನ ಮಂಚದ ಮೇಲಿಟ್ಟು ಒಂದೇ ಸಲಕ್ಕೆ ಹಾಡಿ ನೋಡಿದೆ. ಮಧ್ಯದಲ್ಲಿ ರೂಮ್‌ಮೇಟ್ "ಲೈಟ್ ಆರಿಸೋ" ಅಂದ. ಅದೂ ಇದೆ ಅದರಲ್ಲಿ. ಯಾರಿಗೂ ಕಳಿಸಲ್ಲ, ಧೈರ್ಯ ಇಲ್ಲ.

ಇರುಳು ಪಾಳಿ

ಒಬ್ಬರಿಗಾದರೂ ಕಳಿಸು ತಮ್ಮಾ. ರೂಮ್‌ಮೇಟ್‌ಗೇ ಕಳಿಸು.

ಆಸ್ಟಿನ್ ವಾಸಿ

ಅವನು ತೀರಿಕೊಂಡದ್ದು 2019ರ ಸೆಪ್ಟೆಂಬರಿನಲ್ಲಿ, ಹೂಸ್ಟನ್ ಹತ್ತಿರದ ವಾಲರ್‌ನಲ್ಲಿ. ಆ ವಾರ ಕಪ್ಪೆ ಗೋಡೆಯ ಕೆಳಗೆ ಜನ ಹೂವಿನ ಜೊತೆ ಕ್ಯಾಸೆಟ್ಟುಗಳನ್ನೂ ಇಟ್ಟಿದ್ದರು. ಒಂದು ಬ್ಲೂ ಬೆಲ್ ಡಬ್ಬ ಇಟ್ಟುಬರೋಣ ಅಂತ ಹೊರಟಿದ್ದೆ. ಸೆಪ್ಟೆಂಬರಿನ ಬಿಸಿಲು, ಕರಗಿ ಗೋಡೆ ಹಾಳಾಗುತ್ತೆ ಅಂತ ಹೆಂಡತಿ ಬೇಡ ಅಂದಳು. ಅವನ ಹುಟ್ಟಿದ ದಿನ ಜನವರಿ 22. ಅವತ್ತು ಇಲ್ಲಿ 'ಹಾಯ್, ಹೌ ಆರ್ ಯೂ ದಿನ' ಅಂತ ಮಾಡ್ತಾರೆ, ಸಿಕ್ಕವರನ್ನ ಹೇಗಿದ್ದೀಯಾ ಅಂತ ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಳ್ಳಬೇಕು ಅನ್ನೋದು ಅದರ ಉದ್ದೇಶ. ಆಫೀಸಿನಲ್ಲಿ ಒಬ್ಬರನ್ನ ಕೇಳಿದ್ದೆ. ನಲವತ್ತು ನಿಮಿಷ ಹಿಡಿಯಿತು.

ಪೇಟಿ ಮಾಸ್ತರ

ನಿನ್ನೆ ಸಂಜೀಕ ಆ ಆಕಳ ಹಾಡು ಪೇಟಿ ಮ್ಯಾಲೆ ಹಚ್ಚಿ ನೋಡಿದ್ನಿರಿ. ಮಗಳು ಫೋನಿನಾಗ ಹಾಡ ಹಚ್ಚತಾಳ, ನಾ ಬಾರಸ್ತೀನಿ. ಸ್ವರ ಸಿಕ್ಕವು, ಏನ ಕಠಿಣ ಇಲ್ಲ. ಆದರ ಅಂವ ಒಂದ ಕಡೆ ತಡೀತಾನ, ಒಂದ ಕಡೆ ಓಡತಾನ. ನನ್ನ ಕೈಗೆ ಭಜನಿ ರೂಢಿ, ತನ್ನಷ್ಟಕ್ಕ ತಾನ ಸರಿ ಮಾಡಕೋತ ಹೊಂಟಿತು. ನಾಕ ಸಲ ಬಾರಿಸಿದೆ. ತಾಳ ಬಂತು, ಹಾಡ ಹೋತು. ಮಗಳು "ಅಪ್ಪಾ, ನೀ ಹೊಡಕೊಂಡು ಹೊಂಟಿ" ಅಂದ್ಳು.

ಶ್ರುತಿಪೆಟ್ಟಿಗೆ

ನಿಲ್ಲಿಸಿದ್ದ ಜಾಗದಿಂದ ಇವತ್ತು ಮತ್ತೆ ಹಾಕಿದೆ. ಯಾವುದೋ ಹಳೇ ಜಾಝ್ ರೆಕಾರ್ಡನ್ನ ಹಿಂದೆ ಹಾಕಿಕೊಂಡು ಅದರ ಮೇಲೆ ಹಾಡಿರೋದು ಒಂದಿದೆ, 'ಡೆಸ್ಪರೇಟ್ ಮ್ಯಾನ್ ಬ್ಲೂಸ್'. ಅದರಲ್ಲಿ ಪಕ್ಕಾ ವಾದ್ಯಗಾರರ ಪಕ್ಕದಲ್ಲಿ ಇವನ ಗಂಟಲು ಕೇಳಿದಾಗ ಎಷ್ಟು ಹೊರಗಿದ್ದಾನೆ ಅಂತ ಗೊತ್ತಾಗುತ್ತೆ. ಅವನಿಗೂ ಗೊತ್ತಿತ್ತು ಅನ್ನಿಸಿತು. ಇಷ್ಟವಾಯಿತು ಅಂತ ಹೇಳ್ತಿಲ್ಲ. ಕೊನೆವರೆಗೂ ಕೇಳಿದೆ ಅಂತ ಹೇಳ್ತಿದ್ದೀನಿ.

ನಮ್ಮತ್ತೆ ಸೊಪ್ಪು ಬಿಡಿಸ್ತಾ ಕೂತಿದ್ದರು. "ಆ ಮಗು ಇನ್ನೂ ಮಲಗಲಿಲ್ವೇನೇ?" ಅಂದರು.